ದೀಪ ಹಿಡಿದ ನೀರುನಾಯಿ

“ಮುಚ್ಚಿಬಿಡ್ತಾರಂತೆ” ಎಂದು ಅಪ್ಪ ಹೇಳಿದಾಗ ಅಮ್ಮ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

“ಯಾವ ಅಂಗಡಿ?”

“ಅಂಗಡಿಯಲ್ಲ ಕಣೇ. ಆಟ.”

ಅಮ್ಮ ಚಾಕು ಕೆಳಗಿಟ್ಟು ಗಂಡನ ಮುಖ ನೋಡಿದಳು. ಐವತ್ನಾಲ್ಕು ವರ್ಷದ ಗಂಡಸು, ಇಪ್ಪತ್ತೇಳು ವರ್ಷದಿಂದ ಲಿಫ್ಟ್ ರಿಪೇರಿ ಮಾಡಿಕೊಂಡು ಬಂದವನು, ಸಾವಿನ ಸುದ್ದಿ ತಂದವನ ಹಾಗೆ ಬಾಗಿಲಲ್ಲಿ ನಿಂತಿದ್ದ. “ಸದ್ಯ!” ಎಂದಳು ಅವಳು. “ಇನ್ನಾದ್ರೂ ಊಟ ಆದ್ಮೇಲೆ ಪಾತ್ರೆ ತೊಳೆಯೋಕೆ ಒಂದು ಕೈ ಸಿಗುತ್ತೆ.”

ಮೇಜಿನ ಮೇಲೆ ತಟ್ಟೆ ಇಡುತ್ತಿದ್ದ ಮಗಳಿಗೆ ಮಾತ್ರ ನಗು ಬರಲಿಲ್ಲ. ಚಿಕ್ಕವಳಿದ್ದಾಗ ಬೆಂಕಿಕಡ್ಡಿಯ ಹಾಗಿದ್ದಳೆಂದು ಮನೆಯಲ್ಲಿ ಅವಳನ್ನು ಕರೆಯುವುದೇ ಕಡ್ಡಿ ಎಂದು. ಈಗ ಇಪ್ಪತ್ಮೂರು ತುಂಬಿ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದರೂ ಹೆಸರು ಬದಲಾಗಿರಲಿಲ್ಲ. ಆ ಆಟವನ್ನು ಅಪ್ಪನ ಜೊತೆ ಶುರುಮಾಡಿದವಳೇ ಅವಳು. ಆಗ ಅವಳಿಗೆ ಹನ್ನೆರಡು. ಅಮ್ಮನಿಗೆ ಲಾಂಡ್ರಿಯಲ್ಲಿ ಸಂಜೆ ಪಾಳಿ. ಶಾಲೆಯಿಂದ ಬಂದ ಮಗಳನ್ನು ಸುಮ್ಮನೆ ಕೂರಿಸಲು ಅಪ್ಪ ಯಾರೋ ಮಾರಿದ ಹಳೆಯ ಗೇಮ್ ಪೆಟ್ಟಿಗೆ ತಂದು ಟೀವಿಗೆ ಸಿಕ್ಕಿಸಿದ್ದ. ಒಂದು ದೊಡ್ಡ ನದಿ, ಅದರ ತುಂಬ ಲೋಕದ ನಾನಾ ಮೂಲೆಯ ಜನ ಓಡಿಸುವ ದೋಣಿಗಳು. ಒಂದು ದಡದ ಸಾಮಾನು ಇನ್ನೊಂದು ದಡಕ್ಕೆ ಮುಟ್ಟಿಸಬೇಕು. ಕತ್ತಲಾದರೆ ದೋಣಿಗಳೆಲ್ಲ ಒಂದೆಡೆ ಸೇರಿ ದೀಪ ಹಚ್ಚುತ್ತವೆ. ಅಷ್ಟೇ ಆಟ. ತಮ್ಮ ದೋಣಿಗೆ ಕಡ್ಡಿ ಒಂದು ಬಾವುಟ ಬರೆದಿದ್ದಳು: ಎರಡು ಕಾಲ ಮೇಲೆ ನಿಂತು ಲಾಟೀನು ಹಿಡಿದ ನೀರುನಾಯಿ. ಎರಡು ವರ್ಷಕ್ಕೆ ಅವಳಿಗೆ ಬೇಸರವಾಯಿತು. ಅಪ್ಪನಿಗೆ ಆಗಲಿಲ್ಲ. ಹನ್ನೊಂದು ವರ್ಷ, ದಿನವೂ ಊಟವಾದ ಮೇಲೆ ಒಂದು ಗಂಟೆ. ಪಕ್ಕದಲ್ಲಿ ಅಜ್ಜಿ, ಅಂದರೆ ಅಪ್ಪನ ತಾಯಿ, ಕಾಲು ಚಾಚಿಕೊಂಡು ಕೂತು, “ಬಲಗಡೆ ಬಂಡೆ ಇದೆ ನೋಡೋ ಮಗಾ” ಎಂದು ಎಚ್ಚರಿಸುತ್ತಿದ್ದಳು.

ಮುಂದಿನ ತಿಂಗಳ ಕೊನೆಯ ಭಾನುವಾರ ಸಂಜೆ ಆರಕ್ಕೆ ಆಟ ನಿಲ್ಲುತ್ತದೆಂದು ಕಂಪನಿಯವರು ಬರೆದಿದ್ದರು.

ಎರಡು ವಾರ ಕಳೆದ ಮೇಲೆ ಅಪ್ಪ ಔಷಧಿ ಅಂಗಡಿಯ ಮುಂದೆ ಬಂದು ನಿಂತ. ಕಡ್ಡಿಯ ಊಟದ ಬಿಡುವು. ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಇಬ್ಬರೂ ಮೆಟ್ಟಿಲ ಮೇಲೆ ಕೂತರು.

“ನಮ್ಮ ನೀರುನಾಯಿನ ಕೈ ಮೇಲೆ ಹಾಕಿಸ್ಕೋಬೇಕು ಅಂತಿದೀನಿ” ಎಂದ ಅಪ್ಪ, ಬ್ರೆಡ್ಡಿನ ಕಡೆ ನೋಡುತ್ತ. “ಹಚ್ಚೆ.”

ಅವಳಿಗೆ ಬಾಯಲ್ಲಿದ್ದದ್ದು ಗಂಟಲಿಗೆ ಸಿಕ್ಕಿತು. “ಅಮ್ಮ ಮನೆಯಿಂದ ಓಡಿಸ್ತಾಳೆ.”

“ಅವಳಿಗೆ ಆಮೇಲೆ ಹೇಳೋಣ. ನೀನು ಬರೆದ ಚಿತ್ರ ತಾನೇ ಅದು? ಪೆಟ್ಟಿಗೆ ಒಳಗೆ ಏನೂ ಉಳಿಯಲ್ಲವಂತೆ ಕಣೇ. ದೋಣಿ, ಬಾವುಟ, ಮಾತಾಡಿದ್ದು, ಏನೂ.”

ಅಪ್ಪ ಇದುವರೆಗೆ ತನಗಾಗಿ ಏನನ್ನಾದರೂ ಕೇಳಿದ್ದನ್ನು ಅವಳು ನೋಡಿರಲಿಲ್ಲ. ಒಳಗೊಳಗೇ ಹಿಗ್ಗೂ ಆಯಿತು. ಶನಿವಾರ ಅವಳೇ ಕರೆದುಕೊಂಡು ಹೋದಳು.

ಹಚ್ಚೆಯ ಅಂಗಡಿ ಚಪ್ಪಲಿ ರಿಪೇರಿಯವನ ಮೇಲಿನ ಮಹಡಿಯಲ್ಲಿತ್ತು. ತುಂಡುಗೂದಲಿನ, ಮಿತವಾಗಿ ಮಾತಾಡುವ ಹೆಂಗಸು ನಡೆಸುತ್ತಿದ್ದಳು. ಸೂಜಿಗಳನ್ನು ಪೊಟ್ಟಣ ಒಡೆದು ತೋರಿಸಿ, ಕೈಗವಸು ಹಾಕಿಕೊಂಡು, ಮೊದಲು ಒಂದು ಅರ್ಜಿ ಮುಂದಿಟ್ಟಳು. ಅಪ್ಪ ಕನ್ನಡಕ ಮರೆತು ಬಂದಿದ್ದ, ಕಡ್ಡಿ ತುಂಬತೊಡಗಿದಳು. ಹೆಸರು, ವಯಸ್ಸು, ವಿಳಾಸ. ನಾಲ್ಕನೆಯ ಸಾಲಿನಲ್ಲಿ ಪೆನ್ನು ನಿಂತಿತು. ಸಕ್ಕರೆ ಕಾಯಿಲೆ ಇದೆಯೇ?

ಅಪ್ಪನಿಗೆ ಆರು ವರ್ಷದಿಂದ ಇತ್ತು.

“ಇಲ್ಲ ಅಂತ ಹಾಕು” ಎಂದು ಅಪ್ಪ ಪಿಸುಗುಟ್ಟಿದ.

“ಅಪ್ಪಾ.”

“ಹೋದ ತಿಂಗಳು ತಾನೇ ನೋಡಿಸಿದ್ದು? ಎಲ್ಲಾ ಸರಿಯಾಗಿದೆ ಅಂದಿದಾರೆ. ಹೌದು ಅಂದ್ರೆ ಡಾಕ್ಟರ ಚೀಟಿ ತಾ ಅಂತಾಳೆ. ಆಮೇಲೆ ನಿಮ್ಮಮ್ಮನಿಗೆ ಗೊತ್ತಾಗುತ್ತೆ, ಮುಗೀತು ಕಥೆ. ಹಾಕೇ.”

ಸಕ್ಕರೆ ಇದ್ದವರ ಗಾಯ ಏನಾಗಬಹುದೆಂದು ದಿನಕ್ಕೆ ಹತ್ತು ಮಂದಿಗೆ ಹೇಳುವವಳು ಅವಳು. ಹೆಂಗಸು ಬೆನ್ನು ತಿರುಗಿಸಿ ಬಣ್ಣ ಸುರಿಯುತ್ತಿದ್ದಳು. ಕಡ್ಡಿ ‘ಇಲ್ಲ’ ಎಂಬಲ್ಲಿ ಗುರುತು ಹಾಕಿದಳು. ಕೆಳಗೆ, ಸೇವಿಸುತ್ತಿರುವ ಔಷಧಿಗಳು ಎಂಬಲ್ಲಿ, ‘ಯಾವುದೂ ಇಲ್ಲ’ ಎಂದು ಬರೆದಳು. ಅಪ್ಪ ಸಹಿ ಮಾಡಿದ.

ಎರಡು ಗಂಟೆಯಲ್ಲಿ ಎಡಗೈಯ ಮೊಣಕೈ ಕೆಳಗೆ ನೀರುನಾಯಿ ಎದ್ದು ನಿಂತಿತು. ಅಪ್ಪ ಕನ್ನಡಿಯಲ್ಲಿ ನೋಡಿ, ಮಗಳ ತಲೆಯ ಮೇಲೊಮ್ಮೆ ಕೈಯಿಟ್ಟ.

ಮೊದಲ ವಾರ ಎಲ್ಲ ಸಲೀಸಾಗಿ ಸಾಗಿತು. ಅಪ್ಪ ಬೆಳಿಗ್ಗೆ ಬಚ್ಚಲಲ್ಲಿ ತೊಳೆದುಕೊಳ್ಳುವುದು, ಕಡ್ಡಿ ಬಾಗಿಲ ಸಂದಿಯಿಂದ ಮುಲಾಮು ಕೊಡುವುದು. ಬೇಸಿಗೆಯ ಉರಿಯಲ್ಲೂ ಅಪ್ಪನದು ತುಂಬುತೋಳಿನ ಅಂಗಿ.

“ಏನ್ರೀ ಇದು, ಈ ಸೆಕೇಲಿ?” ಎಂದಳು ಅಮ್ಮ.

“ಹೊಸ ಕಟ್ಟಡದ ಕೆಲಸ. ಧೂಳು.”

ಅಜ್ಜಿ ಸೂಪಿಗೆ ಬ್ರೆಡ್ಡು ಅದ್ದುತ್ತ ಮೂಗರಳಿಸಿದಳು. “ಇವನ ಮೈಯೆಲ್ಲ ಔಷಧಿ ವಾಸನೆ.”

“ನನ್ನ ಬಟ್ಟೆ ವಾಸನೆ ಅಜ್ಜಿ, ಅಂಗಡಿಯಿಂದ ಬಂದದ್ದು” ಎಂದಳು ಕಡ್ಡಿ. ಅಪ್ಪ ತಟ್ಟೆ ನೋಡುತ್ತ ನಕ್ಕ. ಅವಳಿಗೆ ನಗಲಾಗಲಿಲ್ಲ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಎಷ್ಟು ಸಲೀಸಾಗಿ ನಾಲಿಗೆಗೆ ಬಂತಲ್ಲ ಎಂದು ಅವಳಿಗೇ ಭಯವಾಯಿತು.

ಎರಡನೆಯ ವಾರ ಅಪ್ಪ ಮುಲಾಮು ಕೇಳುವುದನ್ನು ಬಿಟ್ಟ. “ಒಣಗಿದೆ, ಇನ್ನು ಬೇಕಿಲ್ಲ” ಎಂದ. ಗುರುವಾರ ಬೆಳಿಗ್ಗೆ ಚಹಾದ ಲೋಟ ಎತ್ತುವಾಗ ಎಡಗೈಯನ್ನು ಮೈಗೆ ಅಂಟಿಸಿಕೊಂಡಿದ್ದು ಕಡ್ಡಿಗೆ ಕಂಡಿತು. ಅಮ್ಮ ಕೆಲಸಕ್ಕೆ ಹೊರಟದ್ದೇ ತಡ, ಅಪ್ಪನ ತೋಳು ಹಿಡಿದಳು. ಅಂಗಿಯ ಮೇಲಿಂದಲೇ ಬಿಸಿ ತಾಗಿತು.

“ತೋರಿಸು.”

“ಏನಿಲ್ಲ ಬಿಡೇ. ಲಿಫ್ಟಿನ ಗುಂಡಿಗೆ ಇಳಿದಿದ್ದೆ, ಗ್ರೀಸು ತಾಗಿದೆ.”

“ತೋರಿಸು ಅಂದೆ!”

ಅಪ್ಪ ತೋಳು ಮಡಿಸಿದ. ನೀರುನಾಯಿಯ ಹೊಟ್ಟೆ ಉಬ್ಬಿತ್ತು. ಸುತ್ತ ಅಂಗೈಯಗಲ ಕೆಂಪು, ಚರ್ಮ ಬಿಗಿದು ಹೊಳೆಯುತ್ತಿತ್ತು. ಲಾಟೀನು ಇದ್ದ ಕಡೆ ಹಳದಿ ಹನಿ.

“ಈಗಲೇ ಆಸ್ಪತ್ರೆಗೆ ಹೋಗೋಣ ನಡಿ.”

“ಭಾನುವಾರ ಒಂದು ಆಗ್ಲಿ. ಕೊನೇ ದಿನ ಕಣೇ. ಆಸ್ಪತ್ರೆಗೆ ಹೋದ್ರೆ ಮಲಗಿಸ್ಕೋತಾರೆ. ಸೋಮವಾರ ಬೆಳಿಗ್ಗೆ ನೀನು ಹೇಳಿದ ಕಡೆ ಬರ್ತೀನಿ, ಆಣೆ.”

ಅವಳು ಜಗಳವಾಡಿದಳು, ಅತ್ತಳು. ಅಪ್ಪ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟೇಬಿಟ್ಟ. ಅಮ್ಮನಿಗೆ ಫೋನು ಮಾಡಲು ಎರಡು ಸಲ ಕೈಗೆತ್ತಿಕೊಂಡಳು. ಎರಡು ಸಲವೂ ಕೆಳಗಿಟ್ಟಳು. ಅರ್ಜಿಯ ನಾಲ್ಕನೆಯ ಸಾಲು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

ಅಂಗಡಿಯಲ್ಲಿ ಆ ದಿನ ಎರಡು ಬಾರಿ ಒಂದರ ಬದಲು ಇನ್ನೊಂದು ಔಷಧಿ ಕೊಟ್ಟು ಬೈಸಿಕೊಂಡಳು. ಮಧ್ಯಾಹ್ನ ಧೈರ್ಯ ಮಾಡಿ ಮಾಲೀಕರನ್ನು ಕೇಳಿದಳು. “ಸರ್, ಗಾಯ ಕೀವಾಗಿ, ಸುತ್ತ ಕೆಂಪಾಗಿ ಬಿಸಿ ಇದ್ರೆ ಯಾವ ಮಾತ್ರೆ ಕೊಡಬಹುದು?”

“ಯಾರಿಗಮ್ಮ?”

“ಪಕ್ಕದ ಮನೆಯವರಿಗೆ.”

“ಸಕ್ಕರೆ ಇದೆಯಾ ಅವರಿಗೆ?”

“ಇದೆ.”

ಮಾಲೀಕರು ಕನ್ನಡಕದ ಮೇಲಿನಿಂದ ಅವಳನ್ನು ದಿಟ್ಟಿಸಿದರು. “ಮಾತ್ರೆ ಗೀತ್ರೆ ಅಂತ ಕೂರಬೇಡಿ ಅಂತ ಹೇಳು. ಇವತ್ತೇ ಆಸ್ಪತ್ರೆಗೆ ಹೋಗ್ಲಿ. ನಾಳೆ ಅಂದ್ರೆ ಕೈ ಹೋಗುತ್ತೆ, ನಾಡಿದ್ದು ಅಂದ್ರೆ ಮನುಷ್ಯನೇ ಹೋಗ್ತಾನೆ. ಯಾಕೆ ನಿಂತಿದೀಯ? ಮನೆಗೆ ಹೋಗು ನೀನು.”

ಅವಳು ಓಡಿದಳು.

ಮನೆಯ ಬಾಗಿಲು ತೆರೆದೇ ಇತ್ತು. ಅಮ್ಮ ಅಂದು ಬೇಗ ಬಂದು ಬಟ್ಟೆ ನೆನೆಹಾಕಲು ಕೂತಿದ್ದಳು. ಕೈಯಲ್ಲಿ ಅಪ್ಪನ ನಿನ್ನೆಯ ಅಂಗಿ. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಹದಿನೆಂಟು ವರ್ಷ ದುಡಿದವಳಿಗೆ ಕಲೆಯ ಜಾತಕ ಯಾರೂ ಹೇಳಿಕೊಡಬೇಕಿರಲಿಲ್ಲ.

“ಇದು ಗ್ರೀಸಲ್ಲ” ಎಂದಳು ಅಮ್ಮ, ತೋಳನ್ನು ಬೆಳಕಿಗೆ ಹಿಡಿದು. “ರಕ್ತ ಒಣಗಿದ್ರೆ ಕಂದು. ಇದರ ಅಂಚು ಹಳದಿ. ಇದು ಕೀವು. ಏನಾಗಿದೆ ಕಡ್ಡಿ ನಿಮ್ಮಪ್ಪನಿಗೆ?”

ಕಡ್ಡಿ ಬಾಯಿ ತೆರೆಯುವುದರೊಳಗೆ ಒಳಕೋಣೆಯಿಂದ ಅಜ್ಜಿ ಕೂಗಿದಳು. “ಬನ್ರೇ ಇಲ್ಲಿ, ಇವನು ಹಲ್ಲು ಕಟಕಟ ಅನ್ನಿಸ್ತಿದಾನೆ!”

ಅಪ್ಪ ಅರ್ಧ ದಿನಕ್ಕೇ ಬಂದು ಮಲಗಿದ್ದನಂತೆ. ಎರಡು ಕಂಬಳಿ ಹೊದ್ದರೂ ಮೈ ಕುಣಿಯುತ್ತಿತ್ತು. ಅಮ್ಮ ತೋಳು ಮಡಿಸಿ ನೋಡಿದಳು. ಒಂದು ಕ್ಷಣ ಅವಳಿಗೆ ಆ ಬಾವಿನ ಮೇಲೆ ಏನಿದೆಯೆಂದೇ ಗೊತ್ತಾಗಲಿಲ್ಲ.

“ಇದೇನಿದು? ಇಲಿನಾ?”

“ನೀರುನಾಯಿ” ಎಂದ ಅಪ್ಪ, ಹಲ್ಲು ಕಚ್ಚಿಕೊಂಡು.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದ ನರ್ಸಮ್ಮ ಯಂತ್ರ ಕೆಟ್ಟಿದೆಯೆಂದು ಇನ್ನೊಂದು ತಂದಳು. ಅದೂ ಅದನ್ನೇ ತೋರಿಸಿತು: ಸಕ್ಕರೆ ನಾನೂರ ಹನ್ನೆರಡು.

“ಕೊನೇ ಸಲ ಯಾವಾಗ ಪರೀಕ್ಷೆ ಮಾಡಿಸಿದ್ದು?” ಡಾಕ್ಟರು ಗದರಿದರು. ಅವರು ಕಡ್ಡಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು ಅಷ್ಟೇ.

ಅಪ್ಪ ಮಗಳ ಕಡೆ ನೋಡಲಿಲ್ಲ. “ಒಂದು ವರ್ಷ ಆಯ್ತೇನೋ.”

“ಮಾತ್ರೆ?”

“ತಗೊಂಡ್ರೆ ಹೊಟ್ಟೆ ಕೆಡುತ್ತೆ ಡಾಕ್ಟ್ರೇ. ಲಿಫ್ಟಿನ ಮೇಲೆ ನಿಂತು ಕೆಲಸ ಮಾಡೋನು, ಎಂಟನೇ ಮಹಡಿಯಿಂದ ಕಕ್ಕಸಿಗೆ ಎಲ್ಲಿ ಓಡ್ಲಿ? ಬಿಟ್ಟುಬಿಟ್ಟೆ.”

ಅಮ್ಮ ಗೋಡೆಗೆ ಆನಿಕೊಂಡಳು. ಹೋದ ತಿಂಗಳು ನೋಡಿಸಿದ್ದು ಎಂಬ ಮಾತೂ ಸುಳ್ಳೆಂದು ಕಡ್ಡಿಗೆ ಆಗ ತಿಳಿಯಿತು. ಸಿಟ್ಟು ಬರಬೇಕಿತ್ತು. ಬಂದದ್ದು ಭಯ.

ಡಾಕ್ಟರು ಜೇಬಿನಿಂದ ಪೆನ್ನು ತೆಗೆದು ಕೆಂಪು ಎಲ್ಲಿಗೆ ನಿಂತಿದೆಯೋ ಅದರ ಅಂಚಿನುದ್ದಕ್ಕೂ ತೋಳಿನ ಮೇಲೆ ಗೆರೆ ಎಳೆದರು. “ಡ್ರಿಪ್ಪಲ್ಲಿ ಔಷಧಿ ಹಾಕ್ತಿದೀವಿ. ಕೆಂಪು ಈ ಗೆರೆ ದಾಟಿದ್ರೆ ಕೂಡಲೇ ಕರೀರಿ.”

ಶುಕ್ರವಾರ ಬೆಳಗಿನಿಂದ ತಾಯಿ ಮಗಳು ಹಾಸಿಗೆಯ ಆಚೆ ಈಚೆ ಕೂತು ಆ ಗೆರೆಯನ್ನು ಕಾದರು. ಹತ್ತು ಗಂಟೆಗೆ ಕೆಂಪು ಆ ಗೆರೆಯೊಳಗೇ ಇತ್ತು. ಹನ್ನೊಂದಕ್ಕೂ ಇತ್ತು. ಅಮ್ಮ ಮೊಟ್ಟೆ ಸುಲಿದು ಅಪ್ಪನ ಬಾಯಿಗಿಟ್ಟಳು. ಅರ್ಧ ತಿಂದು ಬೇಡವೆಂದ. ಪಕ್ಕದ ಹಾಸಿಗೆಯವನ ನೆಂಟರು ನಗುನಗುತ್ತ ಏನೋ ಮಾತಾಡುತ್ತಿದ್ದರು. ಹನ್ನೆರಡೂವರೆಗೆ ಕಡ್ಡಿ ಬಗ್ಗಿ ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

“ಅಮ್ಮ.”

“ನಂಗೂ ಕಾಣ್ತಿದೆ” ಎಂದಳು ಅಮ್ಮ. “ಓಡು.”

ಕೆಂಪು ಆ ಗೆರೆ ದಾಟಿ ಮೊಣಕೈಯ ಕಡೆ ನಾಲಿಗೆ ಚಾಚಿತ್ತು.

ಕೊಯ್ದು ಕೀವು ತೆಗೆಯಬೇಕು, ಒಳಗೆ ಎಷ್ಟು ಕೊಳೆತಿದೆಯೋ ತೆರೆದ ಮೇಲೆಯೇ ಗೊತ್ತಾಗುವುದು, ಕೈ ಉಳಿಸಲು ನೋಡುತ್ತೇವೆ ಎಂದರು. ‘ನೋಡುತ್ತೇವೆ’ ಎಂಬ ಮಾತು ಅಮ್ಮನ ಕಿವಿಯಲ್ಲೇ ಉಳಿಯಿತು. ಕಾಗದಕ್ಕೆ ಸಹಿ ಹಾಕುವಾಗ ತನ್ನ ಹೆಸರಿನ ಒಂದಕ್ಷರ ಬಿಟ್ಟಳು. ನರ್ಸಮ್ಮ ಇನ್ನೊಮ್ಮೆ ಹಾಕಿಸಿದಳು.

ಆ ಶುಕ್ರವಾರ ಒಂದು ಸಲ, ಭಾನುವಾರ ಮಧ್ಯಾಹ್ನ ಇನ್ನೊಂದು ಸಲ ಕೊಯ್ದರು. ಎರಡನೆಯದರಿಂದ ಅಪ್ಪನಿಗೆ ಎಚ್ಚರವಾದಾಗ ಸಂಜೆ ಏಳೂವರೆ. ಮೊದಲು ಬಲಗೈಯಿಂದ ಎಡಗೈ ಇದೆಯೋ ಎಂದು ಮುಟ್ಟಿ ನೋಡಿಕೊಂಡ. ಆಮೇಲೆ ಗಡಿಯಾರ ನೋಡಿದ. ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ಮರುದಿನ ಪಕ್ಕದ ಮನೆಯವರ ಜೊತೆ ನೋಡಲು ಬಂದ ಅಜ್ಜಿ ಹಾಸಿಗೆಯ ಅಂಚಿಗೆ ಕೂತಳು. “ನಾನು ಹಾಕಿದ್ದೆ ಕಣೋ ಟೀವಿನ. ನೀನು ಹಾಕೋ ಹಾಗೇ. ದೋಣಿಗಳೆಲ್ಲ ಬಂದು ಒಂದು ಕಡೆ ಸೇರಿದ್ವು, ಎಲ್ಲ ದೀಪ ಹಚ್ಚಿದ್ವು. ನಿಂದೊಂದು ಹಚ್ಚಲಿಲ್ಲ. ಯಾವ ಗುಂಡಿ ಒತ್ತಬೇಕೋ ನಂಗೇನು ಗೊತ್ತು? ಆಮೇಲೆ ಎಲ್ಲ ಕಪ್ಪಾಗ್ಹೋಯ್ತು. ಕೆಡಿಸಿಬಿಟ್ನಲ್ಲಪ್ಪ ಅಂತ ಜೀವ ಬಾಯಿಗೆ ಬಂತು ನಂಗೆ.”

ಅಪ್ಪ ತಾಯಿಯ ಕೈ ಹಿಡಿದುಕೊಂಡ. “ನೀನು ಕೆಡಿಸಿಲ್ಲಮ್ಮ” ಎಂದ.

ಅವತ್ತು ಮಧ್ಯಾಹ್ನ ಆಸ್ಪತ್ರೆಯ ಹಿತ್ತಲ ಬೆಂಚಿನ ಮೇಲೆ ಅಮ್ಮ, ಮಗಳು ಊಟಕ್ಕೆ ಕೂತರು. ಜ್ವರ ಇಳಿದಿತ್ತು. ಕೈ ಉಳಿಯುತ್ತದೆಂದು ಡಾಕ್ಟರು ಬೆಳಿಗ್ಗೆ ಹೇಳಿದ್ದರು. ಎರಡು ಬೆರಳು ಮೊದಲಿನಂತೆ ಮಡಚುವುದು ಅನುಮಾನ. ಅಮ್ಮ ಡಬ್ಬಿ ಬಿಚ್ಚುತ್ತ, ಹವಾಮಾನದ ಮಾತಾಡುವವಳಂತೆ ಹೇಳಿದಳು: “ಆ ಹಚ್ಚೆಯವಳ ಅಂಗಡಿಗೆ ಹೋಗಿದ್ದೆ ಬೆಳಿಗ್ಗೆ. ನಿಮ್ಮಪ್ಪನ ಜೇಬಲ್ಲಿ ಅಂಗಡಿ ಚೀಟಿ ಸಿಕ್ಕಿತ್ತು. ಬಾಗಿಲಲ್ಲೇ ನಿಂತು ಚೆನ್ನಾಗಿ ಉಗಿದೆ. ಅವಳಿಗೆ ಬಾಯಿ ಬಿಡೋಕೇ ಬಿಡಲಿಲ್ಲ. ಅಲ್ಲಿಂದ ಸೀದಾ ಆರೋಗ್ಯ ಕಚೇರಿಗೆ ಹೋಗಿ ದೂರು ಬರೆದುಕೊಟ್ಟು ಬಂದೆ. ಸಕ್ಕರೆ ಇದೆಯೋ ಇಲ್ವೋ ಒಂದು ಮಾತು ಕೇಳದೆ ಸೂಜಿ ಚುಚ್ಚಿದಾಳಲ್ಲ! ಅಂಗಡಿ ಮುಚ್ಚಿಸ್ತಾರಂತೆ.”

ಕಡ್ಡಿಯ ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು. ಸುಮ್ಮನಿದ್ದರೆ ಏನಾದೀತು ಎಂದು ಒಂದು ಗಳಿಗೆ ಯೋಚಿಸಿದ್ದೂ ನಿಜ. ಆ ಹೆಂಗಸು ಕೈಗವಸು ಹಾಕಿಕೊಳ್ಳುವ ಮೊದಲು ಎರಡು ಸಲ ಕೈ ತೊಳೆದದ್ದು ನೆನಪಾಯಿತು.

“ಕೇಳಿದ್ಲು ಅಮ್ಮ. ಅರ್ಜೀಲಿ ಇತ್ತು. ಇಲ್ಲ ಅಂತ ಹಾಕಿದ್ದು ನಾನು. ಔಷಧಿ ಯಾವುದೂ ಇಲ್ಲ ಅಂತ ಬರೆದದ್ದೂ ನಾನೇ.”

ಅಮ್ಮ ಕೇಳಿಸಿಕೊಂಡಳು. ಡಬ್ಬಿಯ ಮುಚ್ಚಳ ಹಾಕಿದಳು, ಒತ್ತಿ ಬಿಗಿ ಮಾಡಿದಳು. ಎದ್ದು ಒಳಗೆ ಹೋದಳು.

ಮೂರು ದಿನ ಅವಳು ಮಗಳೊಡನೆ ಮಾತಾಡಲಿಲ್ಲ. ತಟ್ಟೆ ಇಟ್ಟಳು, ನೀರಿಟ್ಟಳು, ಇಸ್ತ್ರಿ ಮಾಡಿದ ಬಟ್ಟೆ ಮಡಚಿಟ್ಟಳು. ಮಾತಿಲ್ಲ. ಏನಾದರೂ ಹೇಳಬೇಕಾದರೆ ಅಜ್ಜಿಗೆ ಹೇಳುವಳು: “ಅತ್ತೆ, ನಿಮ್ಮ ಮೊಮ್ಮಗಳಿಗೆ ಸೂಪು ಆರಿಹೋಗ್ತಿದೆ ಅಂತ ಹೇಳಿ.” ಅಜ್ಜಿ, “ಅವಳು ಇಲ್ಲೇ ಎದುರಿಗೆ ಕೂತಿದಾಳಲ್ಲೇ” ಎಂದು ರೇಗುವಳು. ಬೈದಿದ್ದರೆ, ಎರಡೇಟು ಹಾಕಿದ್ದರೆ ತಡೆದುಕೊಳ್ಳಬಹುದಿತ್ತು.

ಗುರುವಾರ ಅಪ್ಪ ಮನೆಗೆ ಬಂದ. ಮರುದಿನ ಆರೋಗ್ಯ ಕಚೇರಿಯಿಂದ ಕರೆ. ಅಮ್ಮ ಒಳ್ಳೆಯ ಬಟ್ಟೆ ತೊಟ್ಟು, ಬಾಗಿಲಲ್ಲಿ ನಿಂತು, ಮೊದಲ ಬಾರಿ ನೇರವಾಗಿ ಹೇಳಿದಳು: “ಚಪ್ಪಲಿ ಹಾಕ್ಕೋ. ನೀನೂ ಬಾ.”

ದಾರಿಯುದ್ದಕ್ಕೂ ಕಡ್ಡಿಗೆ ಒಂದೇ ಕಲ್ಪನೆ. ಅಧಿಕಾರಿಯ ಮುಂದೆ ಅಮ್ಮ ಬೆರಳು ತೋರಿಸಿ ‘ಇವಳೇ’ ಎನ್ನುತ್ತಾಳೆ. ಸುದ್ದಿ ಔಷಧಿ ಅಂಗಡಿಗೆ ಮುಟ್ಟುತ್ತದೆ. ಕೆಲಸ ಹೋಗುತ್ತದೆ. ಹೋಗಲಿ, ಆದರೆ ಎಲ್ಲರೆದುರು ಅಮ್ಮನ ಆ ಬೆರಳನ್ನು ಹೇಗೆ ನೋಡುವುದು?

ಹಚ್ಚೆಯ ಹೆಂಗಸು ಆಗಲೇ ಬಂದು ಕೂತಿದ್ದಳು. ಮಡಿಲಲ್ಲಿ ಕಡತ, ಅದರ ಮೇಲೆ ಎರಡೂ ಕೈ. ತಾಯಿ ಮಗಳನ್ನು ಕಂಡು ಅವಳ ತುಟಿ ಬಿಳಿಚಿಕೊಂಡಿತು. ಇವಳೂ ಹೆದರಿದ್ದಾಳೆ, ಈ ವಾರವಿಡೀ ಹೆದರಿಕೊಂಡೇ ಇದ್ದಾಳೆ ಎಂದು ಕಡ್ಡಿಗೆ ಥಟ್ಟನೆ ಹೊಳೆಯಿತು.

ಅಧಿಕಾರಿ ಕಾಗದ ಸರಿಸಿ, “ಹೇಳಿಮ್ಮ, ನಿಮ್ಮ ದೂರೇನು?” ಎಂದರು.

“ದೂರು ವಾಪಸು ತಗೋತೀನಿ ಸ್ವಾಮಿ” ಎಂದಳು ಅಮ್ಮ. ಧ್ವನಿ ಸಣ್ಣದಾಗಿತ್ತು. “ಇವರು ಕೇಳಿದಾರೆ. ನಾವು ಸುಳ್ಳು ಬರೆದುಕೊಟ್ಟಿದೀವಿ. ತಪ್ಪು ನಮ್ಮ ಮನೆಯದು.”

“ಬರೆದವರು ಯಾರು?”

“ನಮ್ಮ ಮನೆಯವರು ಅಂದ್ನಲ್ಲ.”

ಅಧಿಕಾರಿ ಮುಂದೆ ಕೇಳಲಿಲ್ಲ. ಹೆಂಗಸು ದೊಡ್ಡದಾಗಿ ಉಸಿರು ಬಿಟ್ಟಳು. ಹೊರಗೆ ಬಂದಾಗ ಅಮ್ಮ ಅವಳ ಮುಂದೆ ನಿಂತು, “ಬಾಗಿಲಲ್ಲಿ ನಿಂತು ಕೆಟ್ಟ ಮಾತಾಡಿದೆ. ಮನಸ್ಸಿಗೆ ಹಚ್ಚಿಕೋಬೇಡಮ್ಮ” ಎಂದಳು. ಹೆಂಗಸು, “ಅವರು ಹೇಗಿದಾರೆ?” ಎಂದು ಕೇಳಿದಳು. “ಚಹಾಕ್ಕೆ ಸಕ್ಕರೆ ಬೇಡ ಅಂದ್ರು ಅವತ್ತು. ನಂಗೆ ಅನುಮಾನ ಬರಬೇಕಿತ್ತು.” ಅಷ್ಟು ಹೇಳಿ ಬೇಗ ಬೇಗ ನಡೆದುಬಿಟ್ಟಳು.

ಬಸ್ಸಿನ ನಿಲ್ದಾಣದಲ್ಲಿ ಬೇರೆ ಯಾರೂ ಇರಲಿಲ್ಲ. ಅಮ್ಮ ಬೆಂಚಿನ ಮೇಲೆ ಕೂತು ಮೊಣಕಾಲು ಒತ್ತಿಕೊಂಡಳು.

“ಅವಳನ್ನ ಉಗಿದು ಬಂದೆ, ನಿನ್ನ ಜೊತೆ ಮಾತು ಬಿಟ್ಟೆ” ಎಂದಳು. “ಚಳಿಗಾಲದಿಂದ ಅವರ ಪ್ಯಾಂಟಿನ ಜೇಬಲ್ಲಿ ಮಾತ್ರೆ ಸಿಕ್ತಿತ್ತು ಕಡ್ಡಿ. ನೆನೆದು ಹಿಟ್ಟಾಗಿರೋದು. ಒಂದಲ್ಲ, ಎರಡಲ್ಲ. ಒಗೆಯೋವಾಗ ಜೇಬು ತಿರುವಿ ಹಾಕೋಳು ನಾನು. ತೊಳೆದು ಸುಮ್ಮನಾಗ್ತಿದ್ದೆ.”

“ಯಾಕಮ್ಮ ಕೇಳಲಿಲ್ಲ?”

“ಕೇಳಿದ್ರೆ ಹೌದು ಅಂದುಬಿಡ್ತಾರೆ ಅಂತ.” ಅಮ್ಮ ರಸ್ತೆಯ ಕಡೆ ನೋಡಿದಳು. “ನಮ್ಮಪ್ಪನಿಗೂ ಇದೇ ಕಾಯಿಲೆ. ಕಾಲು ತೆಗೆದಿದ್ರು. ನಿಂಗೆ ಗೊತ್ತಲ್ಲ. ಕೇಳದೇ ಇದ್ರೆ ಇಲ್ಲ ಅಂತಲೇ ಇರುತ್ತಲ್ಲ ಅಂದ್ಕೊಂಡೆ.”

ಕಡ್ಡಿ ಅಮ್ಮನ ಪಕ್ಕಕ್ಕೆ ಸರಿದು ಕೂತಳು.

“ಅವರಿಗೆ ಹೇಳ್ಬೇಕು ಇದನ್ನ” ಎಂದಳು ಅಮ್ಮ, ಬಸ್ಸು ಬಂದಾಗ. “ಒಬ್ಬಳೇ ಹೇಳೋಕೆ ನಂಗೆ ಧೈರ್ಯ ಸಾಲದು. ನೀನು ಜೊತೆಗಿರು.”

ಮನೆಗೆ ಬಂದರೆ ಅಪ್ಪ ಮೇಜಿನ ಮುಂದೆ ಕೂತಿದ್ದ. ಎಡಗೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ತೂಗುತ್ತಿತ್ತು. ಬಲಗೈ ಒಂದರಲ್ಲೇ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದ. ಕಟ್ಟಿನ ಅಂಚಿನಾಚೆ ನೀರುನಾಯಿಯ ಬಾಲವಷ್ಟೇ ಕಾಣುತ್ತಿತ್ತು. ಉಳಿದದ್ದನ್ನು ಕೊಯ್ದು ತೆಗೆದಿದ್ದರು. ಅಮ್ಮ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಅವನ ಎದುರಿಗೆ ಕೂತಳು.

“ರೀ, ನಿಮಗೊಂದು ಮಾತು ಹೇಳ್ಬೇಕು.”

ಅಪ್ಪನ ಬೆರಳು ಗುಂಡಿಯ ಮೇಲೆಯೇ ನಿಂತಿತು. ಇನ್ನೇನು ಕಾದಿದೆಯೋ ಎಂಬಂತೆ ಅವನು ಹೆದರಿ ಮಗಳ ಮುಖ ನೋಡಿದ. ಕಡ್ಡಿ ಕುರ್ಚಿ ಎಳೆದುಕೊಂಡು ಅಮ್ಮನ ಪಕ್ಕದಲ್ಲಿ ಕೂತಳು.